ಮೀಟರು ಕತ್ತಲಾದರೆ ಹಿಂದೆ ಹೋಗಿ ನೋಡಿ

ವಿಜ್ಞಾನದ ಪಾಠದಲ್ಲಿ ನಾವು ವಿದ್ಯುತ್ ಮಂಡಲ, ಸ್ವಿಚ್ಚು, ಫ್ಯೂಸು ಇವುಗಳ ಬಗ್ಗೆ ಓದಿದ್ದೇವೆ. ಪುಸ್ತಕದ ಚಿತ್ರದಲ್ಲಿ ಒಂದು ಸೆಲ್ಲು, ಒಂದು ಬಲ್ಬು, ಎರಡು ವೈರು ಇರುತ್ತವೆ. ಅದೇ ಪಾಠ ಕಾರಿನೊಳಗೆ ಹೇಗಿರುತ್ತೆ ಅಂತ ಈ ಸಲದ ಗೋಡೆ ಪತ್ರಿಕೆಯಲ್ಲಿ ಬರೆದಿದ್ದೇನೆ. ನನ್ನ ಸೋದರಮಾವ ಗ್ಯಾರೇಜಿನಲ್ಲಿ ವೈರಿಂಗ್ ಕೆಲಸ ಮಾಡುತ್ತಾರೆ. ರಜೆಯಲ್ಲಿ ಅಲ್ಲಿ ಕೂತು ನೋಡಿದ್ದು, ಮಾವನನ್ನು ಕೇಳಿ ತಿಳಿದದ್ದು, ಮೇಷ್ಟ್ರ ಹತ್ತಿರ ಕೂತು ಲೆಕ್ಕ ಮಾಡಿದ್ದು ಎಲ್ಲಾ ಇದರಲ್ಲಿದೆ.

"ನಮ್ಮ ಮನೇಲಿ ಕಾರೇ ಇಲ್ಲ, ನಮಗ್ಯಾಕೆ ಇದು?" ಅಂತ ಕೆಲವರು ಕೇಳಬಹುದು. ಕಾರು ಇಲ್ಲದಿದ್ದರೂ ರಸ್ತೆ ಎಲ್ಲರಿಗೂ ಒಂದೇ. ಕಾರಿನೊಳಗೆ ಒಂದು ಸಣ್ಣ ದೀಪ ಕೆಟ್ಟರೆ ಹಿಂದೆ ಬೈಕಿನಲ್ಲಿ ಬರುವವರ ಜೀವಕ್ಕೇ ಅಪಾಯ ಆಗಬಹುದು. ಅದು ಹೇಗೆ ಅಂತ ಮುಂದೆ ಓದಿ.

1. ಡ್ಯಾಶ್‌ಬೋರ್ಡ್ ಎಂದರೇನು?

ಡ್ರೈವರ್ ಮುಂದೆ, ಸ್ಟೇರಿಂಗಿನ ಹಿಂದೆ ಇರುವ ಹಲಗೆಯೇ ಡ್ಯಾಶ್‌ಬೋರ್ಡ್. ಈ ಹೆಸರು ಕಾರಿಗಿಂತ ಹಳೆಯದು. ವಿದೇಶದ ಕುದುರೆ ಗಾಡಿಗಳಲ್ಲಿ ಕುದುರೆಯ ಗೊರಸಿನಿಂದ ಕೆಸರು ಹಾರಿ ಕೂತವರ ಮೈಮೇಲೆ ಬೀಳದಂತೆ ಮುಂದೆ ಒಂದು ಹಲಗೆ ಹೊಡೆಯುತ್ತಿದ್ದರು. ಅದಕ್ಕೆ ಡ್ಯಾಶ್‌ಬೋರ್ಡ್ ಅನ್ನುತ್ತಿದ್ದರು. ಕುದುರೆ ಹೋಯಿತು, ಹೆಸರು ಉಳಿಯಿತು.

ಆ ಹಲಗೆಯಲ್ಲಿ ವೇಗ, ಪೆಟ್ರೋಲು ಅಥವಾ ಡೀಸೆಲ್, ಇಂಜಿನ್ ಬಿಸಿ ಇವುಗಳನ್ನು ತೋರಿಸುವ ಮುಳ್ಳುಗಳು ಒಂದೇ ಡಬ್ಬಿಯಲ್ಲಿ ಇರುತ್ತವೆ. ಗ್ಯಾರೇಜಿನಲ್ಲಿ ಇದಕ್ಕೆ ಮೀಟರು ಅಥವಾ ಮೀಟರ್ ಬೋರ್ಡು ಅನ್ನುತ್ತಾರೆ. ನಾನೂ ಇಲ್ಲಿ ಮೀಟರು ಅಂತಲೇ ಬರೆಯುತ್ತೇನೆ.

2. ಮೀಟರಿನಲ್ಲಿ ಎರಡು ಜಾತಿಯ ದೀಪಗಳು

ಮೊದಲನೆಯದು ಬೆಳಕು ಕೊಡುವ ದೀಪ. ರಾತ್ರಿ ಹೊತ್ತು ಅಂಕಿ, ಮುಳ್ಳು ಕಾಣಲಿ ಅಂತ ಹಿಂದಿನಿಂದ ಬೆಳಗುತ್ತದೆ.

ಎರಡನೆಯದು ಎಚ್ಚರಿಕೆಯ ದೀಪ. ಇದು ಏನಾದರೂ ಹೇಳಬೇಕಾದಾಗ ಮಾತ್ರ ಹತ್ತುತ್ತದೆ. ಎಣ್ಣೆ ಗಿಂಡಿಯ ಚಿತ್ರ, ಬ್ಯಾಟರಿಯ ಚಿತ್ರ, ಇಂಜಿನ್ನಿನ ಚಿತ್ರ ಇವೆಲ್ಲ ಎಚ್ಚರಿಕೆಯ ದೀಪಗಳು.

ಇವೆರಡಕ್ಕೂ ಕರೆಂಟು ಬರುವ ದಾರಿ ಬೇರೆ ಬೇರೆ. ಹಾಗಾಗಿ "ಮೀಟರ್ ಲೈಟ್ ಹೋಗಿದೆ" ಅಂತ ಯಾರಾದರೂ ಹೇಳಿದರೆ, ಯಾವ ಜಾತಿಯದು ಅಂತ ಮೊದಲು ಕೇಳಬೇಕು.

3. ಕರೆಂಟು ಬರುವ ದಾರಿ

ಕಾರಿನ ಬ್ಯಾಟರಿ 12 ವೋಲ್ಟಿನದು. ಒಳಗೆ ಸುಮಾರು 2 ವೋಲ್ಟಿನ 6 ಕೋಶಗಳು ಸಾಲಾಗಿ ಇರುತ್ತವೆ. 2 × 6 = 12. ಬ್ಯಾಟರಿಯ ಪ್ಲಸ್ ಕಡೆಯಿಂದ ಹೊರಟ ಕರೆಂಟು ಹೀಗೆ ಹೋಗುತ್ತದೆ:

ಬ್ಯಾಟರಿ → ಫ್ಯೂಸು → ಲೈಟ್ ಸ್ವಿಚ್ಚು → ಬೆಳಕು ಹೆಚ್ಚು ಕಡಿಮೆ ಮಾಡುವ ತಿರುಗಣೆ → ಮೀಟರಿನ ಬಲ್ಬು → ಕಾರಿನ ಬಾಡಿ → ಬ್ಯಾಟರಿಯ ಮೈನಸ್.

ಕೆಲವು ಕಾರುಗಳಲ್ಲಿ ಸ್ವಿಚ್ಚು ಮೊದಲು, ಫ್ಯೂಸು ಆಮೇಲೆ ಬರುತ್ತದೆ. ಬಂದ ಕರೆಂಟು ವಾಪಸ್ ಹೋಗಲು ಬ್ಯಾಟರಿವರೆಗೆ ಬೇರೆ ವೈರು ಎಳೆಯುವುದಿಲ್ಲ. ಕಾರಿನ ಕಬ್ಬಿಣದ ಬಾಡಿಯೇ ವಾಪಸ್ ದಾರಿ. ಇದಕ್ಕೆ ಗ್ಯಾರೇಜಿನಲ್ಲಿ ಅರ್ಥ್ ಅನ್ನುತ್ತಾರೆ. ಇದು ಕನ್ನಡ ಪದ್ಯದ ಅರ್ಥ ಅಲ್ಲ, ಇಂಗ್ಲಿಷಿನ ಭೂಮಿ!

ಮಂಡಲ ಎಲ್ಲಿ ತುಂಡಾದರೂ ಬಲ್ಬು ಉರಿಯುವುದಿಲ್ಲ ಅಂತ ನಾವು ಓದಿದ್ದೇವೆ. ಆದ್ದರಿಂದ ಮೇಲಿನ ದಾರಿಯಲ್ಲಿ ಎಲ್ಲಿ ತುಂಡಾಗಿದೆ ಅಂತ ಹುಡುಕುವುದೇ ರಿಪೇರಿ. ಎಲ್ಲವನ್ನೂ ಬಿಚ್ಚಿ ಹರಡುವುದು ರಿಪೇರಿ ಅಲ್ಲ.

4. ಮೊದಲ ಪ್ರಶ್ನೆ: ಒಂದು ದೀಪವೋ, ಎಲ್ಲಾ ದೀಪವೋ?

ಈ ಒಂದು ಪ್ರಶ್ನೆಯಿಂದ ಅರ್ಧ ಕೆಲಸ ಮುಗಿಯುತ್ತದೆ ಅಂತಾರೆ ಮಾವ. ಯಾಕೆಂದರೆ ಮೀಟರಿನ ಬಲ್ಬುಗಳು ಸಮಾಂತರ ಜೋಡಣೆಯಲ್ಲಿ ಇರುತ್ತವೆ. ಒಂದು ಸುಟ್ಟರೆ ಉಳಿದವು ಉರಿಯುತ್ತವೆ.

ಮೀಟರಿನ ಒಂದು ಮೂಲೆ ಮಾತ್ರ ಕತ್ತಲಾಗಿದ್ದರೆ ಆ ಬಲ್ಬು ಅಥವಾ ಅದರ ಹೋಲ್ಡರು ಕೆಟ್ಟಿದೆ. ಫ್ಯೂಸು ನೋಡುವ ಅಗತ್ಯವೇ ಇಲ್ಲ.

ಮೀಟರು ಪೂರ್ತಿ ಕತ್ತಲಾಗಿದ್ದರೆ ಎಲ್ಲಾ ಬಲ್ಬುಗಳು ಒಂದೇ ರಾತ್ರಿ ಸುಟ್ಟಿರುವುದು ಅಪರೂಪ. ಎಲ್ಲಾ ಬಲ್ಬಿಗೂ ಸೇರಿದ ಜಾಗದಲ್ಲಿ ತೊಂದರೆ ಇದೆ. ಊರಿನ ಒಂದು ಮನೆಗೆ ನೀರು ಬರದಿದ್ದರೆ ಆ ಮನೆಯ ನಲ್ಲಿ ನೋಡುತ್ತೇವೆ. ಇಡೀ ಬೀದಿಗೆ ಬರದಿದ್ದರೆ ವಾಲ್ವ್ ನೋಡುತ್ತೇವೆ. ಇದೂ ಹಾಗೇ.

5. ಎರಡನೆಯ ಪ್ರಶ್ನೆ: ಹಿಂದಿನ ಕೆಂಪು ದೀಪ ಉರಿಯುತ್ತಿದೆಯಾ?

ಈ ಲೇಖನದಲ್ಲಿ ಮುಖ್ಯವಾದ ಭಾಗ ಇದೇ. ದಯವಿಟ್ಟು ಎಲ್ಲರೂ ಓದಿ.

ಕಾರಿನ ಲೈಟ್ ಸ್ವಿಚ್ಚಿಗೆ ಎರಡು ಹಂತ ಇರುತ್ತೆ. ಮೊದಲ ಹಂತದಲ್ಲಿ ಮುಂದಿನ ಪಾರ್ಕಿಂಗ್ ದೀಪ, ಹಿಂದಿನ ಕೆಂಪು ದೀಪ, ನಂಬರ್ ಪ್ಲೇಟಿನ ದೀಪ ಮತ್ತು ಮೀಟರಿನ ದೀಪ ಹತ್ತುತ್ತವೆ. ಎರಡನೆಯ ಹಂತದಲ್ಲಿ ಹೆಡ್‌ಲೈಟೂ ಹತ್ತುತ್ತದೆ. ಬಹಳ ಕಾರುಗಳಲ್ಲಿ, ಅದರಲ್ಲೂ ಹಳೆಯ ಕಾರುಗಳಲ್ಲಿ, ಮೀಟರಿನ ದೀಪಕ್ಕೂ ಹಿಂದಿನ ಕೆಂಪು ದೀಪಕ್ಕೂ ಒಂದೇ ಫ್ಯೂಸು. ಹೆಡ್‌ಲೈಟಿಗೆ ಬೇರೆ ಫ್ಯೂಸು.

ಈಗ ಯೋಚನೆ ಮಾಡಿ. ಆ ಒಂದು ಫ್ಯೂಸು ಹೋದರೆ ಏನಾಗುತ್ತೆ? ಹೆಡ್‌ಲೈಟು ಚೆನ್ನಾಗಿಯೇ ಉರಿಯುತ್ತೆ, ಮುಂದಿನ ದಾರಿ ಕಾಣುತ್ತೆ. ಮೀಟರು ಮಾತ್ರ ಕತ್ತಲು. ಡ್ರೈವರು "ಮೀಟರ್ ಕಾಣದಿದ್ರೆ ಏನಂತೆ, ನಾಳೆ ನೋಡ್ಕೊಂಡ್ರಾಯ್ತು" ಅಂತ ಹೋಗುತ್ತಾರೆ. ಆದರೆ ಅವರ ಬೆನ್ನ ಹಿಂದೆ ಕೆಂಪು ದೀಪ ಸತ್ತಿದೆ. ಬ್ರೇಕ್ ಒತ್ತಿದಾಗ ಮಾತ್ರ ಬ್ರೇಕ್ ಲೈಟ್ ಹತ್ತಬಹುದು, ಉಳಿದ ಹೊತ್ತು ಗಾಡಿ ಕತ್ತಲಲ್ಲಿ ಕಾಣಲ್ಲ. ಹಿಂದೆ ಬರುವ ಬೈಕಿನವರಿಗೆ ಹತ್ತಿರ ಬರುವವರೆಗೆ ಗೊತ್ತೇ ಆಗಲ್ಲ. ದೀಪವಿಲ್ಲದ ಕಬ್ಬಿನ ಗಾಡಿಗಳು ಎಷ್ಟು ಅಪಾಯ ಅಂತ ನಮ್ಮ ಕಡೆಯವರಿಗೆ ಹೇಳಿ ಕೊಡಬೇಕಾಗಿಲ್ಲ.

ಹೋದ ಕಬ್ಬಿನ ಕಾಲದಲ್ಲಿ ಗ್ಯಾರೇಜಿಗೆ ಒಂದು ಹಳೇ ವ್ಯಾನು ಬಂತು. ಯಜಮಾನರು "ಮೀಟರ್ ಲೈಟ್ ಹೋಗಿ ನಾಲ್ಕು ದಿನ ಆಯ್ತು, ಒಂದು ಬಲ್ಬು ಹಾಕಪ್ಪ, ಬೇಗ ಹೋಗಬೇಕು" ಅಂದರು. ಮಾವ ಮೀಟರಿಗೆ ಕೈ ಹಾಕಲಿಲ್ಲ. ಲೈಟ್ ಹಾಕಿಸಿ ನೇರ ವ್ಯಾನಿನ ಹಿಂದೆ ಹೋಗಿ ನಿಂತರು. ಎರಡೂ ಕಡೆ ಕತ್ತಲು. ಯಜಮಾನರನ್ನು ಕರೆದು ತೋರಿಸಿದರು. ಆ ನಾಲ್ಕು ದಿನವೂ ಅವರು ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ರಾತ್ರಿ ಓಡಾಡಿದ್ದರಂತೆ. ಅವರು ಸುಮಾರು ಹೊತ್ತು ಮಾತೇ ಆಡಲಿಲ್ಲ. ಬೇಗ ಹೋಗಬೇಕು ಅಂತ ಮತ್ತೆ ಹೇಳಲಿಲ್ಲ.

ರಾತ್ರಿ ಗಾಡಿ ಓಡಿಸುವಾಗ ಹಿಂದಿನ ಕೆಂಪು ದೀಪವೂ ನಂಬರ್ ಪ್ಲೇಟಿನ ದೀಪವೂ ಉರಿಯಬೇಕು ಅಂತ ಕಾನೂನು ಇದೆ. ಇದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿದೆ.

6. ಕ್ರಮವಾಗಿ ಹುಡುಕುವ ವಿಧಾನ

ಸುಲಭವಾದದ್ದನ್ನು, ಖರ್ಚಿಲ್ಲದ್ದನ್ನು ಮೊದಲು ನೋಡಬೇಕು.

ಅ) ತಿರುಗಣೆ: ಕೆಲವು ಕಾರುಗಳಲ್ಲಿ ಮೀಟರಿನ ಬೆಳಕು ಹೆಚ್ಚು ಕಡಿಮೆ ಮಾಡಲು ಒಂದು ಸಣ್ಣ ಚಕ್ರ ಇರುತ್ತೆ. ಮಕ್ಕಳು ಆಟ ಆಡುತ್ತಾ ಅದನ್ನು ಪೂರ್ತಿ ಕೆಳಗೆ ತಿರುಗಿಸಿಬಿಟ್ಟರೆ ಮೀಟರು ಕತ್ತಲಾಗುತ್ತದೆ. ಮೇಲೆ ತಿರುಗಿಸಿದರೆ ರಿಪೇರಿ ಮುಗಿಯಿತು, ಖರ್ಚು ಸೊನ್ನೆ! ತಿರುಗಿಸುವಾಗ ಬೆಳಕು ಮಿಣಕ್ ಮಿಣಕ್ ಅಂದರೆ ಆ ತಿರುಗಣೆಯೊಳಗೆ ಸವೆದಿದೆ ಅಥವಾ ಧೂಳು ಕೂತಿದೆ.

ಆ) ಹಿಂದಿನ ದೀಪ: ಮೇಲೆ ಹೇಳಿದಂತೆ ಹಿಂದೆ ಹೋಗಿ ನೋಡಬೇಕು. ಮೀಟರೂ ಹಿಂದಿನ ದೀಪವೂ ಎರಡೂ ಇಲ್ಲದಿದ್ದರೆ ಫ್ಯೂಸು, ಸ್ವಿಚ್ಚು ಅಥವಾ ಅವೆರಡರ ನಡುವಿನ ವೈರು ನೋಡಬೇಕು. ಹಿಂದಿನ ದೀಪ ಇದ್ದು ಮೀಟರು ಮಾತ್ರ ಇಲ್ಲದಿದ್ದರೆ ತಿರುಗಣೆ, ಮೀಟರಿನ ಹಿಂದಿನ ಸಾಕೆಟ್ಟು, ಅರ್ಥ್ ವೈರು ನೋಡಬೇಕು. ಮೀಟರಿಗೇ ಬೇರೆ ಫ್ಯೂಸು ಇರುವ ಕಾರಾದರೆ ಅದನ್ನೂ ನೋಡಬೇಕು.

ಇ) ಫ್ಯೂಸು: ಲೈಟ್ ಆಫ್ ಮಾಡಿ, ಕೀ ತೆಗೆದು ಫ್ಯೂಸನ್ನು ಎಳೆಯಬೇಕು. ಒಳಗಿನ ತಂತಿ ತುಂಡಾಗಿದ್ದರೆ ಬೆಳಕಿಗೆ ಹಿಡಿದಾಗ ಕಾಣುತ್ತದೆ. ಯಾವ ಫ್ಯೂಸು ಯಾವುದಕ್ಕೆ ಅಂತ ಫ್ಯೂಸ್ ಡಬ್ಬಿಯ ಮುಚ್ಚಳದ ಮೇಲೋ ಕಾರಿನ ಪುಸ್ತಕದಲ್ಲೋ ಬರೆದಿರುತ್ತಾರೆ.

ಈ) ಟೆಸ್ಟ್ ಲ್ಯಾಂಪು: 12 ವೋಲ್ಟಿನ ಒಂದು ಬಲ್ಬಿಗೆ ಎರಡು ವೈರು ಕಟ್ಟಿದರೆ ಟೆಸ್ಟ್ ಲ್ಯಾಂಪು. ಒಂದು ವೈರನ್ನು ಬಾಡಿಗೆ ಕಚ್ಚಿಸಿ, ಇನ್ನೊಂದನ್ನು ನೋಡಬೇಕಾದ ಜಾಗಕ್ಕೆ ಮುಟ್ಟಿಸುತ್ತಾರೆ. ಉರಿದರೆ ಅಲ್ಲಿಯವರೆಗೆ ಕರೆಂಟು ಬಂದಿದೆ. ಉರಿಯದಿದ್ದರೆ ಅದಕ್ಕಿಂತ ಹಿಂದೆ ಎಲ್ಲೋ ತುಂಡಾಗಿದೆ. ಕಂಪ್ಯೂಟರ್ ತರಹದ ಹೊಸ ಮೀಟರುಗಳಿಗೆ ಈ ಲ್ಯಾಂಪು ಮುಟ್ಟಿಸಬಾರದು, ಒಳಗಿನ ಭಾಗ ಸುಡಬಹುದು. ಅಲ್ಲಿ ಮಲ್ಟಿಮೀಟರ್ ಬಳಸುತ್ತಾರೆ.

ಉ) ಬಲ್ಬು: ಕೊನೆಗೆ ಮೀಟರು ಬಿಚ್ಚುವುದು. ಮೊದಲು ಬ್ಯಾಟರಿಯ ಮೈನಸ್ ವೈರನ್ನು ತೆಗೆಯುತ್ತಾರೆ. ಹಳೆಯ ಕಾರಿನಲ್ಲಿ ಮೀಟರಿನ ಹಿಂದೆ ಸ್ಪೀಡ್ ತೋರಿಸುವ ಕೇಬಲ್ ಇರುತ್ತೆ, ಅದನ್ನು ಬಿಡಿಸದೆ ಎಳೆಯಬಾರದು. ಹಿಂದೆ ಪ್ಲಾಸ್ಟಿಕ್ ಹಾಳೆಯ ಮೇಲೆ ತಾಮ್ರದ ಗೆರೆಗಳು ಕಾಣುತ್ತವೆ. ಆ ಗೆರೆಗಳೇ ವೈರುಗಳು. ಬಲ್ಬಿನ ಹೋಲ್ಡರನ್ನು ಕಾಲು ಸುತ್ತು ತಿರುಗಿಸಿದರೆ ಹೊರಗೆ ಬರುತ್ತದೆ. ಬಲ್ಬಿಗೆ ಲೋಹದ ಬುಡ ಇರುವುದಿಲ್ಲ, ಇದಕ್ಕೆ ಕ್ಯಾಪ್‌ಲೆಸ್ ಬಲ್ಬು ಅನ್ನುತ್ತಾರೆ. ತಾಮ್ರದ ಗೆರೆ ಹಸಿರುಗಟ್ಟಿದ್ದರೆ ಅಥವಾ ಕಪ್ಪಾಗಿದ್ದರೆ ಹೊಸ ಬಲ್ಬು ಹಾಕಿದರೂ ಉರಿಯುವುದಿಲ್ಲ.

ಎಷ್ಟು ವಾಟ್ ಇತ್ತೋ ಅಷ್ಟೇ ವಾಟಿನ ಬಲ್ಬು ಹಾಕಬೇಕು. ಹೆಚ್ಚು ಬೆಳಕು ಬರಲಿ ಅಂತ ದೊಡ್ಡದು ಹಾಕಿದರೆ ಬಿಸಿಗೆ ಪ್ಲಾಸ್ಟಿಕ್ ಕರಗುತ್ತದೆ.

7. ಫ್ಯೂಸಿನ ಲೆಕ್ಕ

ಮೇಷ್ಟ್ರು ಹೇಳಿಕೊಟ್ಟ ಸೂತ್ರ: ಆಂಪಿಯರ್ = ವಾಟ್ ÷ ವೋಲ್ಟ್.

ಒಂದು ಉದಾಹರಣೆ:
ಮುಂದಿನ ಪಾರ್ಕಿಂಗ್ ದೀಪ 2 × 5 = 10 ವಾಟ್
ಹಿಂದಿನ ಕೆಂಪು ದೀಪ 2 × 5 = 10 ವಾಟ್
ನಂಬರ್ ಪ್ಲೇಟ್ ದೀಪ 1 × 5 = 5 ವಾಟ್
ಮೀಟರಿನ ದೀಪ 5 × 3 = 15 ವಾಟ್
ಒಟ್ಟು 40 ವಾಟ್
40 ÷ 12 = 3.3 ಆಂಪಿಯರ್

ಅಂದರೆ ಈ ಎಲ್ಲಾ ದೀಪಗಳು ಸೇರಿದರೂ 4 ಆಂಪಿಯರ್ ಬೇಕಾಗಿಲ್ಲ. 10 ಆಂಪಿಯರಿನ ಫ್ಯೂಸು ಸುಟ್ಟಿದೆ ಎಂದರೆ ಎಲ್ಲೋ ವೈರು ಬಾಡಿಗೆ ತಾಗಿ ಬಹಳ ಕರೆಂಟು ಹರಿದಿರಬಹುದು. ಫ್ಯೂಸು ತಾನು ಸತ್ತು ಗಾಡಿಯನ್ನು ಉಳಿಸಿದೆ.

ಈಗಿನ ಚಪ್ಪಟೆ ಫ್ಯೂಸುಗಳಿಗೆ ಬಣ್ಣದಿಂದಲೇ ಗುರುತು: 7.5 ಆಂಪಿಯರ್ ಕಂದು, 10 ಕೆಂಪು, 15 ನೀಲಿ, 20 ಹಳದಿ, 30 ಹಸಿರು. ಸುಟ್ಟದ್ದು ಕೆಂಪಾದರೆ ಹಾಕುವುದೂ ಕೆಂಪೇ ಆಗಬೇಕು.

ಕೆಲವರು ಫ್ಯೂಸು ಸಿಗಲಿಲ್ಲ ಅಂತ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಅಥವಾ ತಾಮ್ರದ ತಂತಿ ಸುತ್ತಿ ಸಿಕ್ಕಿಸುತ್ತಾರೆ. ಇದು ದೊಡ್ಡ ತಪ್ಪು. ಕಾರಿನ ಬ್ಯಾಟರಿ ಸ್ಟಾರ್ಟ್ ಮಾಡುವಾಗ 100 ಆಂಪಿಯರಿಗಿಂತ ಹೆಚ್ಚು ಕೊಡಬಲ್ಲದು. ಅಷ್ಟು ಕರೆಂಟು ಸಣ್ಣ ವೈರಿನಲ್ಲಿ ಹರಿದರೆ ವೈರೇ ಕೆಂಪಗೆ ಕಾದು ಬೆಂಕಿ ಹತ್ತುತ್ತದೆ. ಫ್ಯೂಸು ಸಾಯದಿದ್ದರೆ ವೈರು ಸಾಯುತ್ತದೆ. ಮೇಲೆ ಹೇಳಿದ ವ್ಯಾನಿನಲ್ಲಿ ಯಾರೋ ಹಿಂದೆ ಹೀಗೆ ತಂತಿ ಸುತ್ತಿದ್ದರು. ಫ್ಯೂಸ್ ಡಬ್ಬಿಯ ಒಂದು ಮೂಲೆ ಕರಗಿ ಹೋಗಿತ್ತು.

ಹೊಸ ಫ್ಯೂಸು ಹಾಕಿದ ಕೂಡಲೇ ಅದೂ ಸುಟ್ಟರೆ ಇನ್ನೊಂದು ಹಾಕಬಾರದು. ವೈರು ಎಲ್ಲಿ ಉಜ್ಜಿದೆ ಅಂತ ಹುಡುಕಬೇಕು. ಹಿಂದಿನ ಡೋರು ತೆರೆಯುವ ಜಾಗ, ನಂಬರ್ ಪ್ಲೇಟಿನ ದೀಪದ ಹತ್ತಿರ, ಹೊಸದಾಗಿ ಮ್ಯೂಸಿಕ್ ಸಿಸ್ಟಮ್ ಹಾಕಿಸಿದ್ದರೆ ಅದರ ಹಿಂದೆ ನೋಡಬೇಕು. ನಮ್ಮ ಹಳ್ಳಿ ಕಡೆ ಇನ್ನೊಬ್ಬ ಕಳ್ಳ ಇದ್ದಾನೆ, ಇಲಿ! ಹುಲ್ಲಿನ ಮೆದೆ ಪಕ್ಕ ಗಾಡಿ ನಿಲ್ಲಿಸಿದರೆ ಇಲಿ ಬಂದು ವೈರು ಕಡಿಯುತ್ತದೆ.

8. ಮಿಣುಕುವುದು ಮತ್ತು ಮಂಕಾಗುವುದು

ಹಳ್ಳ ಬಿದ್ದಾಗ ಮಾತ್ರ ಮೀಟರು ಆರಿ ಹತ್ತಿದರೆ ಸಾಕೆಟ್ಟೋ ಹೋಲ್ಡರೋ ಸಡಿಲ ಆಗಿದೆ.

ಇಂಡಿಕೇಟರ್ ಹಾಕಿದಾಗ ಅದರ ತಾಳಕ್ಕೆ ಸರಿಯಾಗಿ ಮೀಟರಿನ ಬೆಳಕೂ ಮಂಕಾಗಿ ಮೇಲೇಳುತ್ತಿದ್ದರೆ ಅರ್ಥ್ ವೈರು ತುಕ್ಕು ಹಿಡಿದಿರಬಹುದು. ಬೋಲ್ಟ್ ಬಿಚ್ಚಿ ಉಪ್ಪು ಕಾಗದದಿಂದ ಉಜ್ಜಿ ಬಿಗಿ ಮಾಡಿದರೆ ಸರಿಯಾಗುತ್ತದೆ.

ನಿಂತಾಗ ಎಲ್ಲಾ ದೀಪ ಮಂಕು, ಆಕ್ಸಿಲೇಟರ್ ಒತ್ತಿದರೆ ಪ್ರಕಾಶ ಅಂದರೆ ಮೀಟರಿನ ತಪ್ಪಲ್ಲ. ಬ್ಯಾಟರಿ ಅಥವಾ ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ನೋಡಬೇಕು. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಬರಬೇಕು.

9. ಹತ್ತಲೇಬೇಕಾದ ಕೆಂಪು ದೀಪಗಳು

ಎಚ್ಚರಿಕೆಯ ದೀಪ ಹತ್ತಿದರೆ ಭಯ ಪಡುತ್ತೇವೆ. ಹತ್ತದಿದ್ದರೂ ಭಯ ಪಡಬೇಕಾದ ಸಮಯ ಒಂದಿದೆ. ಕೀ ತಿರುಗಿಸಿ ಇಂಜಿನ್ ಸ್ಟಾರ್ಟ್ ಮಾಡುವ ಮೊದಲು ಎಣ್ಣೆಯ ಕೆಂಪು ದೀಪ ಮತ್ತು ಬ್ಯಾಟರಿಯ ಕೆಂಪು ದೀಪ ಹತ್ತಬೇಕು. ಸ್ಟಾರ್ಟ್ ಆದ ಮೇಲೆ ಆರಬೇಕು. ಇದು ಹಾಜರಿ ಕರೆದ ಹಾಗೆ. ಹಾಜರಿಗೆ ಉತ್ತರ ಕೊಡದ ದೀಪ ಸುಟ್ಟಿದೆ ಅಂತ ತಿಳಿಯಬೇಕು. ಮುಂದೆ ಇಂಜಿನ್ನಿನಲ್ಲಿ ಎಣ್ಣೆಯ ಒತ್ತಡ ಹೋದಾಗ ಆ ದೀಪ ಹೇಳುವುದಿಲ್ಲ, ಇಂಜಿನ್ ಹಿಡಿದುಕೊಳ್ಳುತ್ತದೆ. ಚಿಕ್ಕ ಬಲ್ಬು ಉಳಿಸಲು ಹೋಗಿ ಇಂಜಿನ್ ಕಳೆದುಕೊಂಡ ಹಾಗಾಗುತ್ತೆ.

ಕೆಲವು ಹಳೆಯ ಕಾರುಗಳಲ್ಲಿ ಬ್ಯಾಟರಿಯ ದೀಪದ ಮೂಲಕ ಹೋಗುವ ಸ್ವಲ್ಪ ಕರೆಂಟಿನಿಂದಲೇ ಆಲ್ಟರ್ನೇಟರ್ ಕೆಲಸ ಶುರು ಮಾಡುತ್ತದೆ. ಆ ಬಲ್ಬು ಸುಟ್ಟರೆ ಬ್ಯಾಟರಿ ಚಾರ್ಜ್ ಆಗದೇ ಇರಬಹುದು. ಅದರ ಜಾಗಕ್ಕೆ ಎಲ್‌ಇಡಿ ಹಾಕುವುದೂ ಬೇಡ ಅಂತಾರೆ ಮಾವ. ಬೇರೆ ಕಡೆ ಎಲ್‌ಇಡಿ ಹಾಕಿ ಉರಿಯದಿದ್ದರೆ ತೆಗೆದು ತಿರುವಿ ಹಾಕಿ ನೋಡಬೇಕು. ಎಲ್‌ಇಡಿಯಲ್ಲಿ ಕರೆಂಟು ಒಂದೇ ದಿಕ್ಕಿಗೆ ಹರಿಯುತ್ತದೆ.

ಬಣ್ಣಗಳ ನೆನಪು: ಕೆಂಪು ಅಂದರೆ ನಿಲ್ಲಿಸು. ಹಳದಿ ಅಂದರೆ ಬೇಗ ತೋರಿಸು. ಹಸಿರು, ನೀಲಿ ಅಂದರೆ ಕೆಲಸ ಮಾಡುತ್ತಿದೆ. ನೀಲಿ ದೀಪ ಹತ್ತಿದ್ದರೆ ಹೈ ಬೀಮ್ ಇದೆ ಅಂತ, ಎದುರು ಗಾಡಿ ಬಂದಾಗ ಇಳಿಸಬೇಕು.

10. ಹೊಸ ಕಾರಿನ ಉಲ್ಟಾ ಕಥೆ

ಹಳೇ ಕಾರಿನಲ್ಲಿ ಲೈಟ್ ಹಾಕದಿದ್ದರೆ ಮೀಟರು ಕತ್ತಲು. ಹಾಗಾಗಿ ಲೈಟ್ ಹಾಕುವುದು ತಾನಾಗಿ ನೆನಪಾಗುತ್ತಿತ್ತು. ಈಗಿನ ಬಹಳ ಕಾರುಗಳ ಮೀಟರು ಟಿವಿ ಹಾಗೆ ಹಗಲೂ ರಾತ್ರಿ ಬೆಳಗುತ್ತದೆ. ಮುಂದೆ ಹಗಲು ದೀಪವೂ ಇದ್ದರೆ ಡ್ರೈವರಿಗೆ ಎಲ್ಲಾ ಲೈಟು ಹತ್ತಿದೆ ಅನ್ನಿಸುತ್ತೆ. ಆದರೆ ಸ್ವಿಚ್ಚು ಹಾಕಿರುವುದಿಲ್ಲ, ಹಿಂದೆ ಕತ್ತಲು. ಕೆನಡಾ ದೇಶದಲ್ಲಿ ಇಂಥ ಕಾರಿಗೆ ಭೂತದ ಗಾಡಿ ಎಂಬ ಅರ್ಥದ ಹೆಸರಿಟ್ಟಿದ್ದಾರೆ. ಅಲ್ಲಿ 2021ರ ಸೆಪ್ಟೆಂಬರಿನಿಂದ ಹೊಸ ಕಾರುಗಳಿಗೆ ನಿಯಮ ಬಂತು. ಮೀಟರು ಬೆಳಗಿ ಹಗಲು ದೀಪ ಹತ್ತಿದಾಗ ಹಿಂದಿನ ದೀಪವೂ ಹತ್ತಬೇಕು, ಅಥವಾ ಕತ್ತಲಾದಾಗ ಎಲ್ಲಾ ದೀಪ ತಾವಾಗಿ ಹತ್ತಬೇಕು, ಇಲ್ಲವೇ ಲೈಟ್ ಹಾಕುವವರೆಗೆ ಮೀಟರು ಕತ್ತಲಾಗಿಯೇ ಇರಬೇಕು.

ಆದ್ದರಿಂದ ಹಳೇ ಕಾರಿನವರು ಮೀಟರು ಕತ್ತಲಾದರೆ ಹಿಂದೆ ಹೋಗಿ ನೋಡಿ. ಹೊಸ ಕಾರಿನವರು ಮೀಟರು ಬೆಳಗಿದರೂ ಹಿಂದೆ ಹೋಗಿ ನೋಡಿ.

11. ಮಾಡಿ ನೋಡಿ

ಬೇಕಾಗುವ ಸಾಮಾನು: ಟಾರ್ಚಿನ 2 ಸೆಲ್ಲು, ಟಾರ್ಚಿನ 2 ಬಲ್ಬು, ವೈರು, 1 ಪೇಪರ್ ಕ್ಲಿಪ್ಪು.

ವಿಧಾನ: ಎರಡು ಬಲ್ಬುಗಳನ್ನು ಸಮಾಂತರವಾಗಿ ಜೋಡಿಸಿ. ಒಂದಕ್ಕೆ "ಮೀಟರು", ಇನ್ನೊಂದಕ್ಕೆ "ಹಿಂದಿನ ದೀಪ" ಅಂತ ಚೀಟಿ ಅಂಟಿಸಿ. ಸೆಲ್ಲಿನಿಂದ ಬರುವ ವೈರಿನ ನಡುವೆ ಕ್ಲಿಪ್ಪನ್ನು ಇಡಿ. ಅದು ಫ್ಯೂಸಿನ ಜಾಗ.

ನೋಡುವುದು: "ಮೀಟರು" ಬಲ್ಬು ತೆಗೆಯಿರಿ, "ಹಿಂದಿನ ದೀಪ" ಉರಿಯುತ್ತದೆ. ಬಲ್ಬು ಹಾಕಿ ಕ್ಲಿಪ್ಪು ತೆಗೆಯಿರಿ, ಎರಡೂ ಆರುತ್ತವೆ.

ಮನೆಯ 230 ವೋಲ್ಟಿನ ಕರೆಂಟಿನಲ್ಲಿ ಇದನ್ನು ಯಾರೂ ಮಾಡಬಾರದು.

12. ನೆನಪಿಡಬೇಕಾದ ಎಚ್ಚರಿಕೆಗಳು

• 12 ವೋಲ್ಟ್ ಸಾಮಾನ್ಯವಾಗಿ ಶಾಕ್ ಹೊಡೆಯುವುದಿಲ್ಲ. ಆದರೆ ಉಂಗುರ, ಬಳೆ, ಸ್ಪ್ಯಾನರ್ ಪ್ಲಸ್ಸಿಗೂ ಬಾಡಿಗೂ ಒಟ್ಟಿಗೆ ತಾಗಿದರೆ ಕೆಂಪಗೆ ಕಾದು ಕೈ ಸುಡುತ್ತದೆ.
• ಏರ್‌ಬ್ಯಾಗಿನ ಸಾಕೆಟ್ಟುಗಳು ಸಾಮಾನ್ಯವಾಗಿ ಹಳದಿ ಬಣ್ಣದವು. ಅವುಗಳನ್ನು ಮುಟ್ಟಬಾರದು.
• ಮಕ್ಕಳು ಒಬ್ಬರೇ ಕಾರಿನ ವೈರು ಬಿಚ್ಚಬಾರದು. ಹಿಂದೆ ನಿಂತು ದೀಪ ಉರಿಯುತ್ತಾ ಅಂತ ಕೂಗಿ ಹೇಳುವ ಕೆಲಸ ನಮ್ಮದು. ಕಾರು ನಿಂತಿರಬೇಕು, ಕೈಬ್ರೇಕ್ ಹಾಕಿರಬೇಕು, ನಾವು ರಸ್ತೆಯ ಅಂಚಿನಲ್ಲಿ ಪಕ್ಕಕ್ಕೆ ನಿಂತಿರಬೇಕು.

13. ಪ್ರಶ್ನೆಗಳು

ಉತ್ತರಗಳನ್ನು ಚೀಟಿಯಲ್ಲಿ ಬರೆದು ಪತ್ರಿಕೆಯ ಕೆಳಗಿನ ಪೆಟ್ಟಿಗೆಗೆ ಹಾಕಿ.

1. ಮೀಟರಿನ ಎಡ ಮೂಲೆ ಮಾತ್ರ ಕತ್ತಲಾಗಿದೆ. ಫ್ಯೂಸು ಕೆಟ್ಟಿದೆಯೇ? ಕಾರಣ ಕೊಡಿ.
2. 5 ವಾಟಿನ 6 ಬಲ್ಬುಗಳು 12 ವೋಲ್ಟಿನಲ್ಲಿ ಉರಿದರೆ ಎಷ್ಟು ಆಂಪಿಯರ್?
3. ಕೆಂಪು ಫ್ಯೂಸಿನ ಜಾಗಕ್ಕೆ ಹಸಿರು ಫ್ಯೂಸು ಹಾಕಿದರೆ ಏನು ಅಪಾಯ?
4. ಇವತ್ತು ಸಂಜೆ ನಿಮ್ಮ ಬೀದಿಯಲ್ಲಿ ನಿಂತಿರುವ ಕಾರು, ಟ್ರ್ಯಾಕ್ಟರು, ಆಟೋ ಯಜಮಾನರನ್ನು ಕೇಳಿ, ಲೈಟ್ ಹಾಕಿಸಿ ಹಿಂದೆ ನೋಡಿ. ಎಷ್ಟು ಗಾಡಿಗಳಲ್ಲಿ ಎರಡೂ ಕೆಂಪು ದೀಪ ಉರಿಯುತ್ತಿವೆ? ಎಷ್ಟರಲ್ಲಿ ಇಲ್ಲ?

ನಾಲ್ಕನೆಯ ಪ್ರಶ್ನೆಯ ಲೆಕ್ಕವನ್ನು ಎಲ್ಲರದ್ದೂ ಸೇರಿಸಿ ಮುಂದಿನ ಪತ್ರಿಕೆಯಲ್ಲಿ ಬೀದಿವಾರು ಬರೆಯುತ್ತೇವೆ. ಯಜಮಾನರ ಹೆಸರು ಬರೆಯುವುದಿಲ್ಲ, ಗಾಡಿಗಳ ಸಂಖ್ಯೆ ಮಾತ್ರ.

– 7ನೇ ತರಗತಿ